ನಾಲ್ಕನೆಯ ಹಾಡಿನಲ್ಲಿ ಕರೆಂಟು ಹೋದದ್ದು

ಅರುವತ್ತೊಂದು ದಿನ ಬೋಟು ಕಡಲಿಗಿಳಿಯುವಂತಿಲ್ಲ.
ಧಕ್ಕೆಯಲ್ಲಿ ಅವು ಮೈಗೆ ಮೈ ತಾಗಿಸಿ
ಹಗ್ಗ ಕಿರುಗುಡಿಸುತ್ತ ನಿಂತಿದ್ದವು.
ಆಗ ಬಂದರಿಗೆ ಬಂದರು ನಾಲ್ವರು,
ರಿಕ್ಷಾದ ತುಂಬ ವಯರು, ಡೋಲು, ಪೆಟ್ಟಿಗೆ.
ಐಸ್ ಪ್ಲಾಂಟು ಬಾಡಿಗೆಗೆ ಉಂಟಾ ಅಣ್ಣ?

ಧನಿಗಳು ಫೋನಿನಲ್ಲೇ ನಕ್ಕರು.
ಕೊಡು ವಾಮನ, ಹೇಗೂ ಖಾಲಿ. ಆದರೆ
ಕಂಪ್ರೆಸರ್ ಮಾತ್ರ ನಿಲ್ಲಬಾರದು,
ಹಿಂದಿನ ಕೋಣೆಯಲ್ಲಿ
ಹನ್ನೆರಡು ಟನ್ ಬೊಂಡಾಸ್ ಮಲಗಿದೆ.

ಐಸಿಲ್ಲದ ಐಸಿನ ಕೋಣೆ ನಾನೂ ನೋಡಿರಲಿಲ್ಲ ಸರಿಯಾಗಿ.
ಲವೀಟಾ ಎಂಬವಳು ಖಾಲಿ ಡಬ್ಬಿಯೊಂದಕ್ಕೆ ಬೆರಳಲ್ಲಿ ತಟ್ಟಿದಳು.
ಸದ್ದು ಗೋಡೆಗೆ ಹೋಗಿ, ಮಾಡಿಗೆ ಹೋಗಿ,
ಸಾವಕಾಶ ವಾಪಸು ಬಂತು.
ಅವಳು ತಂದ ಡ್ರಮ್ಮನ್ನು ಬಿಚ್ಚಲೇ ಇಲ್ಲ.

ಒಂದು ವಾರ ಬರೀ ಜಗಳ.
ಹಾಡಿನದು ಒಂದು ಶ್ರುತಿ, ಯಂತ್ರದ್ದು ಒಂದು.
ಕಂಬಳಿ ಹೊದಿಸಿದರು, ಥರ್ಮಾಕೋಲ್ ಕಟ್ಟಿದರು,
ಗಿಟಾರಿನ ರೋಯ್ಸ್ಟನ್ ನನ್ನ ಕಾಲು ಹಿಡಿಯುವುದೊಂದು ಬಾಕಿ:
ಐದು ನಿಮಿಷ, ಅಣ್ಣ, ಐದೇ ನಿಮಿಷ!
ನಾನೆಂದೆ, ಮೆಲ್ಲ ಮಾತಾಡು ಮಾರಾಯ,
ಬೊಂಡಾಸ್ ಮಲಗಿದೆ.

ಕೊನೆಗೆ ಕುದ್ರೋಳಿಯ ಮುನವ್ವರ್
ಗೋಡೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ
ಬೇಸಿನ ದಪ್ಪ ತಂತಿಯನ್ನು ಸಡಿಲಿಸಿದ.
ಇಳಿದ.
ಇನ್ನೂ ಇಳಿದ.
ಬಾವಿಗೆ ಬಿದ್ದ ಕೊಡಪಾನಕ್ಕೆ ಪಾತಾಳಗರಡಿ ಬಿಟ್ಟ ಹಾಗೆ ತಡಕುತ್ತ ಇಳಿದ.
ಎಲ್ಲೋ ಸಿಕ್ಕಿತು.
ನೆಲದಲ್ಲಿ ನಿಂತ ನೀರು ಸಣ್ಣಗೆ ನಡುಗಿತು.
ಯಾರೂ ಏನೂ ಹೇಳಲಿಲ್ಲ, ಉಳಿದವರೂ
ತಮ್ಮ ತಮ್ಮ ತಂತಿ, ಗಂಟಲು
ಯಂತ್ರದ ಕಡೆಗೆ ತಿರುಗಿಸಿದರು.

ಹಾಡುವವಳು ನಿಶ್ಮಿತಾ. ತಾಯಿ ಬೀಡಿ ಕಟ್ಟುತ್ತಾರಂತೆ ಬೋಳೂರಿನಲ್ಲಿ.
ಎಲೆ ಕತ್ತರಿಸುವ ಕತ್ತರಿ ತಂದು
ಮೈಕಿನ ಹತ್ತಿರ ಕಚ್ ಕಚ್, ಕಚ್ ಕಚ್,
ಆಮೇಲೆ ತುಳುವಿನಲ್ಲಿ ಎರಡೇ ಸಾಲು,
ಸಾವಿರ ಬೀಡಿಗೆ ಎಷ್ಟು ಎಂಬ ಲೆಕ್ಕ, ಅಷ್ಟೆ.
ನನಗೆ ಕೆಮ್ಮು ಬಂತು. ತಡೆದೆ. ಆಗಲಿಲ್ಲ.
ಅದನ್ನೂ ಇಟ್ಟುಕೊಂಡರು.

ಜುಲೈ ಮೂವತ್ತೊಂದು, ಕತ್ತಲೆ ಹರಿಯುವ ಮೊದಲೇ
ಧಕ್ಕೆಯಿಂದ ಬೊಬ್ಬೆ: ಐಸ್ ಕೊರ್ಲೆ, ಐಸ್!
ಒಳಗೆ ಕೊನೆಯ ಹಾಡು ಇನ್ನೂ ಅರ್ಧ.
ನಾನು ಯಾರ ಮುಖವನ್ನೂ ನೋಡಲಿಲ್ಲ,
ಕ್ರಷರಿನ ಸ್ವಿಚ್ಚು ಹಾಕಿದೆ.
ಈಗ ತಟ್ಟೆ ಮುಗಿಯುವುದೇ ಹಾಗೆ,
ಪುಡಿಯಾಗುವ ಐಸು, ನಾಲ್ಕು ಬೈಗುಳ, ಒಂದು ನಗು.

ಕರಿ ತಟ್ಟೆ, ಮುನ್ನೂರೇ ಪ್ರತಿ. ಹೆಸರು
'ಬೊಂಡಾಸ್ ಮಲಗಿದೆ'.
ರಕ್ಷಾಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ
ಯಂತ್ರ ಮತ್ತು ಕೆಮ್ಮು: ವಾಮನ ಪುತ್ರನ್.
ಗಿರಿಜ ಅದನ್ನು ದೇವರ ಫೋಟೊದ ಬದಿಗೆ ನಿಲ್ಲಿಸಿದ್ದಾಳೆ.
ತಟ್ಟೆ ತಿರುಗಿಸುವ ಪೆಟ್ಟಿಗೆ ನಮ್ಮಲ್ಲಿಲ್ಲ,
ಮುನವ್ವರ್ ಫೋನಿಗೆ ಹಾಕಿ ಕೊಟ್ಟ.

ಎಲ್ಲೆಲ್ಲಿಂದಲೋ ಹುಡುಗರು ಬರುತ್ತಾರೆ ಪ್ಲಾಂಟು ನೋಡಲು.
ಆ ಗುಂಯ್ ಅಂತ ಉಂಟಲ್ಲ ಅಂಕಲ್,
ಮೊದಲಿನಿಂದ ಕೊನೆವರೆಗೆ, ಅದೇ, ಅದೇ!
ಹೌದೌದು ಎನ್ನುತ್ತೇನೆ.
ನನಗೆ ಅದು ಕೇಳುವುದಿಲ್ಲ.
ಇಪ್ಪತ್ತಾರು ವರ್ಷ ಅದರ ಬದಿಯಲ್ಲೇ ಉಂಡು ಮಲಗಿದವ,
ಮೂಗಿನ ತುದಿ ಕಣ್ಣಿಗೆ ಕಂಡೂ ಕಾಣದ ಹಾಗೆ
ಕಿವಿ ಅದನ್ನು ಬಿಟ್ಟೇ ಬಿಟ್ಟಿದೆ.
ಅವರೆಲ್ಲ ಕೇಳುವ ಹಾಡು ಬೇರೆ,
ನನ್ನದು ಬೇರೆ, ಅಡಿಪಾಯವಿಲ್ಲದೆ
ಗಾಳಿಯಲ್ಲಿ ನಿಂತ ಮನೆ.

ಆದರೆ ನಾಲ್ಕನೆಯ ಹಾಡು.
ಎರಡನೇ ಸಾಲು ಮುಗಿದು ಮೂರಕ್ಕೆ ಉಸಿರು ತೆಗೆಯುವಾಗ
ಆವತ್ತು ಕರೆಂಟು ಹೋಗಿತ್ತು.
ಬ್ಯಾಟರಿಯ ಮೈಕು ಮಾತ್ರ ಎಚ್ಚರ.
ಒಂಬತ್ತು ಸೆಕೆಂಡು ಏನೂ ಇಲ್ಲ ಎನ್ನುತ್ತಾರೆ ಹುಡುಗರು.
ನನಗೆ ಅಲ್ಲೇ
ಯಂತ್ರ ಕಿವಿಗೆ ಬಡಿಯುವುದು, ಅಷ್ಟು ದೊಡ್ಡದಾಗಿ,

ಪ್ರತಿ ಸಲ, ಉಣ್ಣುತ್ತಿದ್ದರೂ
ಬಟ್ಟಲು ಬಿಟ್ಟು ಏಳುತ್ತೇನೆ, ಕತ್ತಲಿಲ್ಲದ ಮನೆಯಲ್ಲಿ
ಜನರೇಟರಿನ ಹಿಡಿಕೆ ಹುಡುಕುತ್ತ.
ಕುಳಿತುಕೊಳ್ಳಿ, ಎನ್ನುತ್ತಾಳೆ ಗಿರಿಜ, ಅದು ಹಾಡು.