ನೋರೀನಳ ಎಡಗೈ

ಲಿಸ್ಮೋರಿನ ನೆರೆ ಇಳಿದು ಏಳು ತಿಂಗಳು.
ಗೋಡೆಯ ಮೇಲೆ ಕೆಸರಿನ ಗೆರೆ, ನನ್ನ ನೆತ್ತಿಗಿಂತ ಎತ್ತರ.
ಅದರ ಕೆಳಗೇ ನನ್ನ ಮೇಜು, ಅರ, ಸ್ಕ್ರೂ, ಅಳತೆಪಟ್ಟಿ.

'ಬೆರಳು ಬೇಡ,' ಅಂದಳು ನೋರೀನ್,
'ಎರಿಯ ಚೌಕಟ್ಟು ಎತ್ತೋಕೆ ಒಂದು ಕೊಕ್ಕೆ ಸಾಕು.
ಚೆಂದ ಆಮೇಲೆ.'

ಮೂರು ಸಲ ಮಾಡಿದೆ.
ಮೂರು ಸಲವೂ ಜಾರಿತು.
ಬೈದಳು. ನನ್ನನ್ನಲ್ಲ, ನದಿಯನ್ನು.

ನಾಲ್ಕನೆಯದು ಹಿಡಿಯಿತು.
ಕಡ ತಂದ ಪೆಟ್ಟಿಗೆ, ಯಾರದೋ ಊರಿನ ಹುಳುಗಳು.
ಒಂದು ಬಂದು ಪ್ಲಾಸ್ಟಿಕ್ ಮಣಿಕಟ್ಟಿನ ಮೇಲೆ ಕೂತು
ಚುಚ್ಚಿತು. ಮತ್ತೆ ಚುಚ್ಚಿತು.
ಹಾರಿಹೋಯಿತು,
ಮುಳ್ಳಿನ ಸಮೇತ.

'ನೋಡಿದೆಯಾ?
ಹಳೇ ಕೈಗೆ ಕಚ್ಚಿದ್ದೆಲ್ಲ
ಸತ್ತೇ ಹೋಗ್ತಿತ್ತು.'

ಬಲಗೈಯಿಂದ ಮುಚ್ಚಳ ಮುಚ್ಚಿದಳು.
ಇನ್ನೂ ಹನ್ನೊಂದು ಪೆಟ್ಟಿಗೆ ಇದ್ದವು,
ಹೊತ್ತು ಇಳೀತಿತ್ತು.