ಒಂದು ಮಾತ್ರೆ ಹೆಚ್ಚು

ತಪ್ಪು ನನ್ನದೇ.
ಸೆವ್ರಿನ್ ಟೀಚರು ಬರೆದು ತಂದದ್ದು ಸರಿಯಾಗಿಯೇ ಇತ್ತು,
ಕುಂಟುತ್ತಿತ್ತು, ಅಷ್ಟೆ.
ಸ್ಟಾಫ್ ರೂಮಿನಲ್ಲಿ ಚಹಾದ ಲೋಟ ಸರಿಸಿ
ಹಾಳೆಯ ಮೇಲೆ ಲಘು ಗುರು ಹಾಕಿದವನು ನಾನು,
ಬೆಂಗ್ರೆ ಹೈಸ್ಕೂಲಿನ ಕನ್ನಡ ಪಂಡಿತ.

ಧಾಟಿ ಆ ತಿಂಗಳ ಸಿನಿಮಾ ಹಾಡಿನದು.
ದಕ್ಕೆಯ ಆಟೋಗಳಲ್ಲಿ, ಮೀನಿನ ಲಾರಿಗಳಲ್ಲಿ,
ನಮ್ಮನ್ನು ದಾಟಿಸುವ ದೋಣಿಯವನ ಮೊಬೈಲಿನಲ್ಲಿ
ದಿನವಿಡೀ ಕುದಿಯುತ್ತಿದ್ದದ್ದು.
ಟೀಚರು ಅದರೊಳಗಿಂದ ನಾಯಕಿಯನ್ನು ಮೆಲ್ಲಗೆ ಎಬ್ಬಿಸಿ
ಆ ಜಾಗದಲ್ಲಿ ನೀರನ್ನು ಕೂರಿಸಿದ್ದರು.
ಅವಳ ಮುನಿಸು ಇದ್ದಲ್ಲಿ ಹಬೆ,
ವಿರಹ ಬರುವಲ್ಲಿ ಗುಪ್ತೋಷ್ಣ:
ಎಷ್ಟು ಕಾಯಿಸಿದರೂ ಪಾದರಸ
ಏರದೆ ನಿಲ್ಲುವ ಹೊತ್ತು.

ಕೊನೆಯ ಸಾಲು ಮಾತ್ರ ಒಗ್ಗಲಿಲ್ಲ.
ಕಿವಿಯ ಮಾತು ಕೇಳಿ ತಿದ್ದಿದೆ:
'ಸಿಹಿಯಿರಲಿ, ಉಪ್ಪಿರಲಿ, ಸೊನ್ನೆಯಲಿ ಗಡ್ಡೆ.'
ಐದು, ಐದು, ಐದು, ಕೊನೆಗೊಂದು ಮುಡಿ.
ಎಷ್ಟು ಚೆಂದ!
ಟೀಚರು ಹುಬ್ಬು ಗಂಟಿಕ್ಕಿದರು. ಬೆಲ್ ಹೊಡೆಯಿತು.

ಎಂಟನೇ 'ಬಿ' ಹಾಡಿದ್ದು ಗೋಡೆ ದಾಟಿ
ನನ್ನ ತತ್ಸಮ ತದ್ಭವಗಳ ಮೇಲೆ ಬಿತ್ತು.
ನನ್ನ ಮಕ್ಕಳೂ ಬೆಂಚು ಬಡಿದರು,
ಬೈಯಲಿಲ್ಲ ನಾನು, ಹೆಮ್ಮೆ.
ಆಮೇಲೆ ತಟ್ಟನೆ ಮೌನ.

ಮಿಸ್ರಿಯಾ ಎದ್ದು ನಿಂತಿದ್ದಳಂತೆ.
'ಟೀಚರ್, ನಮ್ಮ ಉಪ್ಪ ಐಸ್ ಪ್ಲಾಂಟಿನಲ್ಲಿ...'
ಉಪ್ಪು, ಉಪ್ಪ ಎಂದು ಹಿಂದಿನ ಬೆಂಚು ನಕ್ಕಿತಂತೆ.
'ತೊಟ್ಟಿ ತುಂಬ ಉಪ್ಪುನೀರು, ಸೊನ್ನೆಗಿಂತ ಹತ್ತು ಕೆಳಗೆ,
ಆದರೂ ಹರಿಯುತ್ತದೆ.
ಅದರಲ್ಲಿ ಡಬ್ಬಿ ಮುಳುಗಿಸಿದರೆ
ಡಬ್ಬಿಯೊಳಗಿನ ಸಿಹಿನೀರು ಗಡ್ಡೆ.
ಎರಡೂ ಒಟ್ಟಿಗೆ ಗಡ್ಡೆಯಾದರೆ
ಉಪ್ಪ ಡಬ್ಬಿ ಎತ್ತುವುದು ಹೇಗೆ?'

ಮಧ್ಯಾಹ್ನ ಮೂವರೂ ನಿಂತೆವು
ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ.
'ಉಪ್ಪಾದರೆ ಇನ್ನೂ ಕೆಳಗೆ' ಅಂದರು ಟೀಚರು.
ಉಪ್ಪಾದರೆ. ಬೆರಳು ಮಡಚಿದೆ: ಆರು.
ನಿಜ, ಒಂದು ಮಾತ್ರೆ ಹೆಚ್ಚು.
ಇಪ್ಪತ್ತೆರಡು ವರ್ಷ ಛಂದಸ್ಸು ಹೇಳಿಕೊಟ್ಟ ನಾನು
ಕತ್ತರಿಸಿ ನೋಡಿದೆ, ಎಳೆದು ನೋಡಿದೆ,
ಪದ ತಿರುಗಿಸಿ, ಮಗುಚಿ ನೋಡಿದೆ,
ಉಪ್ಪು ಒಪ್ಪಲಿಲ್ಲ.
'ಅಲ್ಲೊಂದು ಎಡವಲಿ ಬಿಡಿ ಸಾರ್'
ಎಂದಳು ಹುಡುಗಿ, ತಟ್ಟೆಯ ನೀರು ಕೊಡವುತ್ತ.

ಮಾರ್ಚಿನಲ್ಲಿ ವಿಜ್ಞಾನದ ಪರೀಕ್ಷೆಗೆ
ಕೊಠಡಿ ಕಾಯುವ ಕೆಲಸ ನನ್ನದು.
ಸದ್ದಿಲ್ಲ. ತುಟಿಗಳಷ್ಟೆ ಅಲುಗುತ್ತಿದ್ದವು,
ಡೆಸ್ಕಿನಡಿ ಬರಿಗಾಲುಗಳು
ನೆಲಕ್ಕೆ ಬಂದು ಕೂತ ಮರಳನ್ನು ತಟ್ಟುತ್ತಿದ್ದವು,
ಐದು, ಐದು,
ಒಂದು ಕಡೆ ಎಲ್ಲ ಕಾಲೂ ಒಟ್ಟಿಗೆ ತಡವರಿಸಿ
ಮತ್ತೆ ನಡೆದವು.

ನಾನು ಕಿಟಕಿಯತ್ತ ತಿರುಗಿದೆ,
ಬಂದರಿನಿಂದ ದೋಣಿ ಹೊರಟಿತೋ ಎಂದು
ನೋಡುವವನಂತೆ.