ಕಲಂ ಏಳು

ಶುಕ್ರವಾರ ನಮ್ಮ ಪಾಲಿಗೆ ಸಿಕ್ಕಿದ್ದು ಮೂರರಿಂದ ಐದು.
ಮುಂಚೆ ಮಲಯಾಳದವರು, ಆಮೇಲೆ ತೆಲುಗಿನವರು,
ಅದೇ ಕುರ್ಚಿ, ಅದೇ ಮೈಕು.
ಪೀಠದ ಮೇಲಿನ ಬಟ್ಟೆ ಮಾತ್ರ ನಮ್ಮದು:
ಬೆಟಗೇರಿ ಮಗ್ಗದ್ದು, ಅಂಚಿಗೆ ಮೇಣದ ಕಲೆ.
ನಾನೇ ಮಡಚಿ ಮಂಗಾಫಿಗೆ ಒಯ್ದು
ಒಗೆದು ತರುತ್ತೇನೆ.
ಕುವೈತಿನ ಕನ್ನಡ ಸಭೆಗೆ ಕಾರ್ಯದರ್ಶಿ ಎಂದರೆ ಇಷ್ಟೇ,
ಬಟ್ಟೆ, ಬೀಗದ ಕೈ, ನಡಾವಳಿ ಪುಸ್ತಕ.

ಅಯ್ಯನವರು ಬರುವುದು ಮೂರು ತಿಂಗಳಿಗೊಮ್ಮೆ,
ಅದೂ ವೀಸಾ ಸಿಕ್ಕರೆ.
ಉಳಿದ ವಾರ ಸರದಿಯಂತೆ ಪ್ರಸಂಗ.
ಈ ವಾರ ಸಾಲಿನ್ಸ್ ಮಾಸ್ತರರದು;
ದ್ರಾಕ್ಷಿತೋಟದ ಸಾಮ್ಯ ತೆಗೆದರು.
ಬೆಳಗ್ಗೆ ಬಂದ ಆಳಿಗೂ ಒಂದು, ಸಂಜೆ ಬಂದವನಿಗೂ ಒಂದು.
ಅವರ ಅಜ್ಜನ ಪ್ರತಿಯಲ್ಲಿ ಅದು ಪಾವಲಿ,
ಹುಡುಗರ ಫೋನಿನಲ್ಲಿ ಬೆಳ್ಳಿ ನಾಣ್ಯ.
ಹಿಂದಿನಿಂದ ಯಾರೋ "ದಿನಾರು" ಅಂದರು,
ಸಭೆ ನಕ್ಕಿತು.
ಮಾಸ್ತರರು ನಗಲಿಲ್ಲ.
"ಇದು ಕೂಲಿಯ ಮಾತಲ್ಲ, ಕೃಪೆಯ ಮಾತು.
ತೋಟ ಪರಲೋಕ. ನಾಣ್ಯ ರಕ್ಷಣೆ.
ಸಂಜೆಯೆಂದರೆ ಮರಣಶಯ್ಯೆ."
ಒಂದೊಂದಕ್ಕೂ ಒಂದೊಂದು ಅರ್ಥ,
ಕೀಲಿಗೊಂಚಲಿಗೆ ಚೀಟಿ ಕಟ್ಟಿಟ್ಟ ಹಾಗೆ.
ಆಮೆನ್ ಅಂದೆವು. ನಾಲ್ಕು ಇಪ್ಪತ್ತು.

ಆಮೇಲೆ ವಾರ್ಷಿಕ ಮಹಾಸಭೆ.
ಕಲಂ ಏಳು: ತಿಂಗಳಿಗೆ ಮೂರು ಶುಕ್ರವಾರ ಹಾಜರಿಲ್ಲದವರಿಗೆ
ಮತವಿಲ್ಲ.
ಅದನ್ನು ಬರೆದವರೂ ಮಾಸ್ತರರೇ,
ಹದಿನೆಂಟು ವರ್ಷದ ಹಿಂದೆ, ಮುತ್ತಿನಂಥ ಅಕ್ಷರ.
ಪಟ್ಟಿಯಿಂದ ತೆಗೆಯಬೇಕಾದವರು ಹನ್ನೊಂದು ಮಂದಿ.
ಓದುತ್ತ ಹೋದೆ.
ಆರನೆಯ ಹೆಸರು: ಸಂಪೂರ್ಣಮ್ಮ, ಹುಮನಾಬಾದ್,
ಸಾಲ್ವಾದಲ್ಲಿ ಮನೆಗೆಲಸ;
ಮಾಲಕಿ ಬಿಟ್ಟಾಗ, ಬಸ್ಸು ಸಿಕ್ಕಾಗ ಬರುತ್ತಾಳೆ,
ಹೆಚ್ಚಾಗಿ ಆಶೀರ್ವಾದದ ಹೊತ್ತಿಗೆ.

ಅವತ್ತೂ ಹಾಗೇ ಬಂದಿದ್ದಳು,
ಕೊನೆಯ ಕುರ್ಚಿಯಲ್ಲಿ ಉಸಿರು ಹಿಡಿಯುತ್ತ.
ಹೆಸರು ಕೇಳಿ,
ಪ್ರಾರ್ಥನೆಗೆ ಕರೆದರೆಂದು
ಎದ್ದು ನಿಂತಳು.

ಅಮ್ಮಣ್ಣ ಅಂದರು, "ನಿಯಮ ನಿಯಮವೇ.
ನಾಳೆ ನೂರು ಜನ ಬಸ್ಸಿಳಿದು ಬಂದು ಕೈ ಎತ್ತಿದರೆ?
ಹಾಲಿನ ಬಾಡಿಗೆ ಕಟ್ಟುವವರು ಯಾರು?"
ತಪ್ಪೇನಲ್ಲ ಆ ಮಾತು.
ತೊಂಬತ್ತು ದಿನಾರಿನ ಚೀಟಿ ನನ್ನ ಜೇಬಲ್ಲೇ ಇತ್ತು.

ಪಕ್ಕದವಳು ಪಿಸುಗುಟ್ಟಿ ಎಲ್ಲ ತಿಳಿಸಿದಳು,
ಕಲಂ, ಪಟ್ಟಿ, ಪ್ರಸಂಗದ ತೋಟ.
ಸಂಪೂರ್ಣಮ್ಮ ಮತದ ಮಾತೇ ಎತ್ತಲಿಲ್ಲ.
"ಬೆಳಗಿನಿಂದ ಪ್ಯಾಟ್ಯಾಗ ನಿಂತೇ ಇದ್ರಲ್ರೀ ಅವ್ರು.
ಯಾರೂ ಕರೀಲಿಲ್ಲ ಅಂತ ಅವ್ರೇ ಹೇಳ್ಯಾರ.
ನಿಂದ್ರೋದು ಸುಮ್ಮನ ಅಲ್ರೀ, ಕಾಲು ಹರೀತಾವ.
ಆ ಮಾಲಕ ಕೈ ನೋಡ್ಲಿಲ್ಲ,
ಕಾಲು ನೋಡಿ ಕೊಟ್ಟಾನ."

ಏಸಿ ಒಂದೇ ಗುಂಯ್‌ಗುಟ್ಟುತ್ತಿತ್ತು.
ಮಾಸ್ತರರು ಕನ್ನಡಕ ಏರಿಸಿ
ಮತ್ತೆ ಆ ಪುಟ ತೆಗೆದರು.
ಸಾಲಿನ ಕೆಳಗೆ ಬೆರಳು ಸರಿಯಿತು,
ಒಂದು ಕಡೆ ನಿಂತಿತು,
ತೆಗೆಯಲಿಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟಿದರು,
ತೆಲುಗಿನವರು, ತಬಲ ಹೊತ್ತುಕೊಂಡು.
ಐದು.
ಗಡಿಬಿಡಿಯಲ್ಲಿ ಅವಳು ಕರವಸ್ತ್ರದ ಗಂಟು ಬಿಚ್ಚಿ
ಮೂರು ತಿಂಗಳ ಚಂದಾ ಎಣಿಸಿದಳು, ಮೂರು ದಿನಾರು.
ರಸೀತಿ ಹರಿದೆ:
ಹೆಸರು, ತಿಂಗಳು, ಮೊತ್ತ, ಸಹಿ.
ಎಷ್ಟು ಹೊತ್ತಿಗೆ ಬಂದರು ಎಂಬ ಕಾಲಂ ಅದರಲ್ಲಿಲ್ಲ.
ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ.

ನಡಾವಳಿಯಲ್ಲಿ ಬರೆದೆ:
"ಕಲಂ ಏಳು, ಚರ್ಚೆ ಮುಗಿಯಲಿಲ್ಲ.
ಹಾಜರು ಮೂವತ್ತೆಂಟು." ಹೊಡೆದು ಹಾಕಿ
ಮೂವತ್ತೊಂಬತ್ತು ಮಾಡಿದೆ.

ಬಟ್ಟೆ ಮಡಚಲು ಹೋದಾಗ
ಇನ್ನೊಂದು ತುದಿ ಹಿಡಿದವರು ಮಾಸ್ತರರು.
ಅಂಚಿಗೆ ಅಂಚು ಕೂಡಿಸಿದೆವು, ಕಲೆ ಒಳಗೆ ಬರುವಂತೆ.
"ಓದಿದ್ದೆನಲ್ಲ," ಅಂದರು,
ನನ್ನ ಕಡೆ ನೋಡದೆ,
"ಆ ಮಾತು ನಾನು ಓದಿಯೇ ಇದ್ದೆನಲ್ಲ."